ಅಟ್ಟದ ಫ್ಯಾನಿಗೆ ಕೈಸ್ವಿಚ್

ಮನೆ ಕರೆಂಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಾವಿರುವುದು ಟೆಕ್ಸಾಸಿನ ಪ್ಲೇನೊದಲ್ಲಿ, 1994ರಲ್ಲಿ ಕಟ್ಟಿದ ಎರಡಂತಸ್ತಿನ ಮನೆ. ಛಾವಣಿಯಲ್ಲಿ ಆಟಿಕ್ ಫ್ಯಾನ್ ಇದೆ, ಬಿಸಿ ನೋಡಿ ಅದನ್ನು ಆನ್, ಆಫ್ ಮಾಡುವ ಥರ್ಮೋಸ್ಟಾಟ್ 105 ಡಿಗ್ರಿ ಫ್ಯಾರನ್‌ಹೀಟಿಗೆ ಇಟ್ಟಿದೆ. ಹಗಲೆಲ್ಲ ಓಡುತ್ತದೆ, ರಾತ್ರಿ ಒಂಬತ್ತರ ಸುಮಾರಿಗೆ ತಾನಾಗಿ ನಿಂತುಬಿಡುತ್ತದೆ. ಮೇಲಿನ ಮಲಗುವ ಕೋಣೆಯ ಸೆಕೆ ಮಾತ್ರ ಹನ್ನೊಂದಾದರೂ ಇಳಿಯುವುದಿಲ್ಲ. ನಮ್ಮ ಅತ್ತೆಯವರು ಹಾಸನದಿಂದ ಬಂದಿದ್ದಾರೆ, ಆ ಕೋಣೆ ಅವರದು. ಬೇಕೆನಿಸಿದಾಗ ನಾವೇ ಫ್ಯಾನ್ ಹಾಕೋಣವೆಂದು ಮಹಡಿಯ ಓಣಿಯಲ್ಲಿ ಒಂದು ಸ್ವಿಚ್ ಕೂರಿಸಿದೆ. ಬಿಳಿ ಹೊದಿಕೆಯ ಕೇಬಲ್ ತಂದು, ಅಟ್ಟದ ಬಾಕ್ಸಿನಲ್ಲಿ ಥರ್ಮೋಸ್ಟಾಟಿಗೆ ಬರುತ್ತಿದ್ದ ಕಪ್ಪು ವೈರನ್ನು ಬಿಚ್ಚಿ ಕೇಬಲಿನ ಕಪ್ಪಿಗೆ ಸೇರಿಸಿದೆ. ಕೇಬಲಿನ ಬಿಳಿಯನ್ನು ಥರ್ಮೋಸ್ಟಾಟಿಗೆ ಕೊಟ್ಟೆ. ಈಗ ಸ್ವಿಚ್ ಆಫ್ ಮಾಡಿದರೆ ಫ್ಯಾನ್ ನಿಲ್ಲುತ್ತದೆ. ಆದರೆ ರಾತ್ರಿ ಆನ್ ಮಾಡಿದರೆ ಓಡುವುದಿಲ್ಲ. ಆ ಲೈನಿನ ಬ್ರೇಕರ್ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಮೇಲೆ 20 ಎಂದು ಬರೆದಿದೆ. ತಪ್ಪೆಲ್ಲಿ ಆಗಿದೆ?

ಉತ್ತರ: ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಹೋಗಿ ಆ ಬ್ರೇಕರ್ ಆಫ್ ಮಾಡಿ ಬನ್ನಿ. ನನಗೆ ಚಿಂತೆಯಾದದ್ದು ನಿಮ್ಮ ಸ್ವಿಚ್ ನೋಡಿ ಅಲ್ಲ, ಕೇಬಲ್ ನೋಡಿ.

ಇವತ್ತು ಅಮೆರಿಕದ ಅಂಗಡಿಯಲ್ಲಿ ಮನೆ ವೈರಿಂಗಿಗೆ ಸಿಗುವ ಬಿಳಿ ಹೊದಿಕೆಯ ಕೇಬಲ್ ಎಂದರೆ 14 ಗೇಜ್. ಹಳದಿ ಹೊದಿಕೆಯದು 12 ಗೇಜ್. ಗೇಜ್ ಅಂಕಿ ಚಿಕ್ಕದಾದಷ್ಟೂ ತಂತಿ ದಪ್ಪ. 14 ಗೇಜಿನ ತಾಮ್ರಕ್ಕೆ ಹಾಕಬೇಕಾದದ್ದು 15 ಆಂಪ್ ಬ್ರೇಕರ್, 20ಕ್ಕೆ 12 ಗೇಜೇ ಬೇಕು. ನಿಮ್ಮ ಫ್ಯಾನ್ ಮೋಟರ್ ಎಳೆಯುವುದು ಹೆಚ್ಚೆಂದರೆ ನಾಲ್ಕೈದು ಆಂಪ್, ಹಾಗಾಗಿ ದಿನನಿತ್ಯ ಏನೂ ಗೊತ್ತಾಗುವುದಿಲ್ಲ. ಆದರೆ ಬೇರಿಂಗ್ ಹಿಡಿದುಕೊಂಡೋ, ಇಲಿ ತಂತಿ ಕಡಿದೋ ಕರೆಂಟು ಜಾಸ್ತಿ ಹರಿದ ದಿನ, ತೆಳು ತಂತಿ ಬಿಸಿಯಾದರೂ ಬ್ರೇಕರ್ ಬೀಳದೆ ಕಾಯುತ್ತಿರುತ್ತದೆ. ತಂತಿ ಮಲಗಿರುವುದು ಅಟ್ಟದಲ್ಲಿ ಶಾಖ ತಡೆಯಲು ಹಾಸಿದ ಇನ್ಸುಲೇಷನ್ ಒಳಗೆ, ಬೇಸಿಗೆಯಲ್ಲಿ ಮೊದಲೇ 130 ಡಿಗ್ರಿ ದಾಟುವ ಜಾಗದಲ್ಲಿ. ಇದನ್ನು ಹಾಗೆಯೇ ಬಿಡಬೇಡಿ.

ಬ್ರೇಕರನ್ನೇ 15ಕ್ಕೆ ಬದಲಿಸಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಆ ಸರ್ಕ್ಯೂಟಿನಲ್ಲಿ ಇನ್ನೇನೇನಿದೆ ಎಂದು ತಿಳಿಯದೆ ನಾನು ಹಾಗೆ ಹೇಳಲಾರೆ. ಮೇಲಾಗಿ ಮೇನ್ ಆಫ್ ಮಾಡಿದರೂ ಬ್ರೇಕರುಗಳಿರುವ ಪ್ಯಾನೆಲ್ ಒಳಗೆ ಬೀದಿಯಿಂದ ಬರುವ ದಪ್ಪ ತಂತಿಗಳ ತುದಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಅಲ್ಲಿಗೆ ಕೈ ಹಾಕುವುದು ಲೈಸೆನ್ಸ್ ಇರುವವರ ಕೆಲಸ. ಹಳದಿ ಕೇಬಲ್ ತಂದು ನೀವು ಎಳೆದ ತುಂಡನ್ನಷ್ಟೇ ಬದಲಿಸುವುದು ಸುಲಭ, ಸುರಕ್ಷಿತ. ನಿಮ್ಮ ಮನೆಯ ಮೂಲ ವೈರಿಂಗ್ 1994ರದು. ಹೊದಿಕೆಗೆ ಹೀಗೆ ಬಣ್ಣ ಕೊಡುವ ರೂಢಿ ಬಂದದ್ದು ಅದಾದ ಮೇಲೆ, ಹಾಗಾಗಿ ಹಳೆಯ ಕೇಬಲ್ ಬಿಳಿ ಇದ್ದರೂ 12 ಗೇಜ್ ಇರಬಹುದು. ಹೊದಿಕೆಯ ಮೇಲೆ ಅಚ್ಚಾಗಿರುವ ಅಂಕಿ ಓದಿ ಖಚಿತ ಮಾಡಿಕೊಳ್ಳಿ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ.

ನಾನು ಮಂಡ್ಯ ಕಡೆಯವಳು, ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಗದ್ದೆಯ ಮನೆಯಿಂದ ಬಂದವಳು. ನನಗೆ ಕರೆಂಟಿನ ದಾರಿ ಅರ್ಥವಾದದ್ದೇ ನಾಲೆಯಿಂದ. ನಿಮ್ಮ ಥರ್ಮೋಸ್ಟಾಟ್ ಒಂದು ತೂಬು ಎಂದುಕೊಳ್ಳಿ. ಅದನ್ನು ತೆರೆದು ಮುಚ್ಚುವ ನೀರುಗಂಟಿ ಅಟ್ಟದ ಬಿಸಿ. 105 ಡಿಗ್ರಿ ಆದಾಗ ತೆರೆಯುತ್ತಾನೆ, ಅದಕ್ಕಿಂತ ಸುಮಾರು ಹತ್ತು ಡಿಗ್ರಿ ಇಳಿದಾಗ ಮುಚ್ಚುತ್ತಾನೆ. ನೀವು ಅದೇ ಕಾಲುವೆಯಲ್ಲಿ, ಆ ತೂಬಿಗಿಂತ ಮುಂಚೆ ಇನ್ನೊಂದು ತೂಬು ಕಟ್ಟಿದ್ದೀರಿ. ಗದ್ದೆಗೆ ನೀರು ಬರಬೇಕಾದರೆ ಈಗ ಎರಡೂ ತೆರೆದಿರಬೇಕು. ರಾತ್ರಿ ನೀವು ನಿಮ್ಮದನ್ನು ಎತ್ತಿದರೂ ಮುಂದೆ ನೀರುಗಂಟಿಯ ತೂಬು ಮುಚ್ಚಿದೆ, ನೀರು ಅಲ್ಲೇ ನಿಂತಿತು. ಇದು ಸೀರೀಸ್ ಜೋಡಣೆ. ಫ್ಯಾನನ್ನು ನಿಲ್ಲಿಸುವ ಅಧಿಕಾರ ನಿಮಗೆ ಸಿಕ್ಕಿತು, ಓಡಿಸುವ ಅಧಿಕಾರ ಸಿಗಲಿಲ್ಲ.

ನಿಮಗೆ ಬೇಕಾದದ್ದು ತೂಬನ್ನು ಸುತ್ತುಹಾಕಿ ಹೋಗುವ ಪಕ್ಕದ ಕಾಲುವೆ. ತೂಬಿನ ಮೇಲುಗಡೆ ಹೊರಟು ಕೆಳಗಡೆ ಬಂದು ಸೇರುವಂಥದ್ದು. ಅದರ ಬಾಯಿಗೆ ನಿಮ್ಮ ಸ್ವಿಚ್. ಎರಡರಲ್ಲಿ ಯಾವುದು ತೆರೆದರೂ ನೀರು ಗದ್ದೆ ಮುಟ್ಟುತ್ತದೆ. ಇದು ಪ್ಯಾರಲಲ್. ಸ್ವಿಚ್ ಆಫ್ ಇದ್ದಾಗ ಥರ್ಮೋಸ್ಟಾಟ್ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಆನ್ ಮಾಡಿದಾಗ ಬಿಸಿ ಎಷ್ಟೇ ಇರಲಿ ಫ್ಯಾನ್ ಓಡುತ್ತದೆ.

ಹೊಸ ಕೇಬಲ್ ಎಳೆದ ಮೇಲೆ ಅಟ್ಟದ ಬಾಕ್ಸಿನಲ್ಲಿ ಜೋಡಣೆ ಹೀಗಿರಲಿ. ಬ್ರೇಕರಿನಿಂದ ಬಂದ ಕಪ್ಪು, ಥರ್ಮೋಸ್ಟಾಟಿನ ಒಂದು ವೈರ್, ಸ್ವಿಚ್ಚಿಗೆ ಇಳಿಯುವ ಕೇಬಲಿನ ಬಿಳಿ, ಈ ಮೂರೂ ಒಂದು ವೈರ್ ನಟ್ (ತಂತಿಗಳ ತುದಿಯನ್ನು ಒಟ್ಟಿಗೆ ಹಿಡಿಯುವ ತಿರುಗು ಟೊಪ್ಪಿ) ಕೆಳಗೆ. ಥರ್ಮೋಸ್ಟಾಟಿನ ಇನ್ನೊಂದು ವೈರ್, ಫ್ಯಾನಿಗೆ ಹೋಗುವ ಕಪ್ಪು, ಸ್ವಿಚ್ಚಿನಿಂದ ಮರಳಿ ಬಂದ ಕಪ್ಪು, ಈ ಮೂರು ಇನ್ನೊಂದು ನಟ್ ಕೆಳಗೆ. ಬ್ರೇಕರ್ ಕಡೆಯ ಬಿಳಿ ಮತ್ತು ಫ್ಯಾನಿನ ಬಿಳಿ ಮೊದಲು ಹೇಗಿದ್ದವೋ ಹಾಗೆಯೇ ಇರಲಿ, ಅವೆರಡೇ ನ್ಯೂಟ್ರಲ್, ಅಂದರೆ ಕರೆಂಟು ಮರಳಿ ಹೋಗುವ ತಂತಿ. ಸ್ವಿಚ್ ಕೇಬಲಿನ ಬಿಳಿ ಯಾವ ಕಾರಣಕ್ಕೂ ಅವುಗಳ ಜೊತೆ ಸೇರಬಾರದು. ಸೇರಿದರೆ ಸ್ವಿಚ್ ಮತ್ತು ಥರ್ಮೋಸ್ಟಾಟ್ ಎರಡೂ ಆನ್ ಆದ ಕ್ಷಣ ಶಾರ್ಟ್ ಆಗುತ್ತದೆ. ಬರಿಯ ತಾಮ್ರದ ಅರ್ತ್ ತಂತಿಗಳೆಲ್ಲ ಒಟ್ಟಿಗೆ ಸೇರಬೇಕು, ಬಾಕ್ಸ್ ಲೋಹದ್ದಾದರೆ ಅದಕ್ಕೂ ಒಂದು ತುಂಡು, ಕೆಳಗೆ ಸ್ವಿಚ್ಚಿನ ಹಸಿರು ಸ್ಕ್ರೂಗೂ ಒಂದು.

ಆ ಕೇಬಲಿನ ಬಿಳಿ ಈಗ ಕರೆಂಟು ಹೊರುವ ತಂತಿ. ಎರಡೂ ತುದಿಯಲ್ಲಿ ಅದಕ್ಕೆ ಕಪ್ಪು ಟೇಪ್ ಸುತ್ತಿ. ಅಮೆರಿಕದ ಕೋಡಿನಲ್ಲಿ, ಅಂದರೆ ವೈರಿಂಗ್ ನಿಯಮಗಳಲ್ಲಿ, ಇಂಥ ಜಾಗದಲ್ಲಿ ಬಿಳಿಯನ್ನು ಸ್ವಿಚ್ಚಿಗೆ ಕರೆಂಟು ಒಯ್ಯಲು ಬಳಸಬಹುದು, ಮರಳಿ ತರಲು ಬಳಸುವಂತಿಲ್ಲ. ನೀವು ಮಾಡಿದ್ದು ಇದಕ್ಕೆ ತಿರುಗಾಮುರುಗ. ನಾಳೆ ಇನ್ಯಾರೋ ಆ ಬಾಕ್ಸ್ ತೆರೆದು ಬಿಳಿಯೆಂದರೆ ನ್ಯೂಟ್ರಲ್ ಎಂದು ಕೈ ಇಡಬಾರದು, ಅದಕ್ಕಾಗಿ ಈ ಟೇಪು.

ಬಣ್ಣದ ವಿಷಯ ಬಂತು. ಇದನ್ನು ನಮ್ಮವರಿಗೆ ಎಷ್ಟು ಸಲ ಹೇಳಿದರೂ ನನಗೆ ಸಾಲದು. ಮಂಡ್ಯದಲ್ಲಿ ಡಿಪ್ಲೊಮಾ ಓದುವಾಗ ಲ್ಯಾಬಿನಲ್ಲಿ ನಾವು ಬಾಯಿಪಾಠ ಮಾಡಿದ್ದು: ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಇಲ್ಲಿ ಕಪ್ಪೇ ಫೇಸ್. ನಾನು ಹ್ಯೂಸ್ಟನ್ನಿಗೆ ಬಂದು ಹೆಲ್ಪರ್ ಆಗಿ ಕೆಲಸಕ್ಕೆ ಸೇರಿದ ಮೊದಲ ಬೇಸಿಗೆ, ಇಂಥದ್ದೇ ಒಂದು ಅಟ್ಟದಲ್ಲಿ, ಆಫ್ ಆಗಿದೆ ಎಂದುಕೊಂಡ ಸರ್ಕ್ಯೂಟಿನ ಬಿಳಿ ವೈರನ್ನು ಎಚ್ಚರದಿಂದ ಪಕ್ಕಕ್ಕೆ ಸರಿಸಿ ಕಪ್ಪನ್ನು ನಿರಾಳವಾಗಿ ಹಿಡಿದೆ. ತಲೆಗೆ ಅಮೆರಿಕದ ಬಣ್ಣ ಗೊತ್ತಿತ್ತು, ಕೈಗೆ ಇನ್ನೂ ಮಂಡ್ಯದ ಬಣ್ಣವೇ ಗೊತ್ತಿತ್ತು. ಇನ್ನೊಂದು ಮೊಣಕೈ ಏಸಿ ಡಕ್ಟಿನ ತಗಡಿಗೆ ತಾಗಿತ್ತು. ಕರೆಂಟು ಎದೆ ಹಾದು ಹೋಯಿತು. 120 ವೋಲ್ಟ್ ತಾನೇ, ನಮ್ಮ 230ರ ಅರ್ಧ ಎಂದು ಯಾರಾದರೂ ಹೇಳಿದಾಗ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ. ನಮ್ಮ ತಂಡದ ಹಿರಿಯರು ನನ್ನನ್ನು ಕೆಳಗಿಳಿಸಿ, ನೀರು ಕುಡಿಸಿ, ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ, ಮಾರನೆಯ ದಿನ ಕೈಗೊಂದು ಮೀಟರ್ ಕೊಟ್ಟರು. ಮೊದಲು ಕರೆಂಟು ಇರುವ ಸಾಕೆಟ್ಟಿನಲ್ಲಿ ಮೀಟರ್ ಕೆಲಸ ಮಾಡುತ್ತಿದೆಯೇ ನೋಡು, ಆಮೇಲೆ ಮುಟ್ಟಬೇಕಾದ ವೈರ್ ನೋಡು, ಮತ್ತೆ ಅದೇ ಸಾಕೆಟ್ ನೋಡು ಎಂದರು. ಟೆಕ್ಸಾಸಿನಲ್ಲಿ ಜರ್ನಿಮನ್, ಅಂದರೆ ಪಳಗಿದ ಎಲೆಕ್ಟ್ರಿಷಿಯನ್ ಲೈಸೆನ್ಸಿಗೆ, ಮಾಸ್ಟರ್ ಎಲೆಕ್ಟ್ರಿಷಿಯನ್ ಒಬ್ಬರ ಕೈಕೆಳಗೆ 8,000 ಗಂಟೆ ಕೆಲಸ ಮಾಡಿರಬೇಕು. ಆ ಗಂಟೆಗಳಲ್ಲಿ ನಾನು ಕಲಿತದ್ದರಲ್ಲಿ ಈ ಮೂರು ಸಲದ ನೋಟವೇ ದೊಡ್ಡದು. ಮೀಟರ್ ಇಲ್ಲದೆ ನೀವು ಆ ಬಾಕ್ಸಿನ ಮುಚ್ಚಳ ತೆಗೆಯಕೂಡದು.

ಇನ್ನೊಂದು ಮುಖ್ಯ ವಿಷಯ, ಫೈರ್‌ಸ್ಟಾಟ್. ಹಲವು ಆಟಿಕ್ ಫ್ಯಾನುಗಳಲ್ಲಿ ಥರ್ಮೋಸ್ಟಾಟ್ ಅಲ್ಲದೆ ಇನ್ನೊಂದು ಬಿಸಿಯ ಕಟ್ಟೆ ಇರುತ್ತದೆ. ಅಟ್ಟಕ್ಕೆ ಬೆಂಕಿ ಬಿದ್ದು ಶಾಖ ಮಿತಿ ಮೀರಿದರೆ ಅದು ಫ್ಯಾನನ್ನು ಕಡಿದುಹಾಕುತ್ತದೆ. ಓಡುವ ಫ್ಯಾನ್ ಬೆಂಕಿಗೆ ಗಾಳಿ ಊದುವ ತಿದಿಯಾಗಬಾರದು ಎಂಬುದೇ ಅದರ ಉದ್ದೇಶ. ಅದು ಥರ್ಮೋಸ್ಟಾಟಿನ ಆಚೆ, ಮೋಟರಿನ ಕಡೆಗೆ ಬೇರೆಯಾಗಿ ಕೂತಿದ್ದರೆ ನಾನು ಹೇಳಿದ ಜೋಡಣೆಯಲ್ಲಿ ನಿಮ್ಮ ಪಕ್ಕದ ಕಾಲುವೆ ಅದಕ್ಕಿಂತ ಮೊದಲೇ ಬಂದು ಸೇರುತ್ತದೆ, ರಕ್ಷಣೆ ಹಾಗೆಯೇ ಉಳಿಯುತ್ತದೆ. ಆದರೆ ಎರಡೂ ಒಂದೇ ಡಬ್ಬಿಯಲ್ಲಿದ್ದರೆ ಥರ್ಮೋಸ್ಟಾಟನ್ನು ಸುತ್ತುಹಾಕಿ ಹೋದಾಗ ಫೈರ್‌ಸ್ಟಾಟನ್ನೂ ಸುತ್ತುಹಾಕಿ ಹೋದಂತೆ. ಡಬ್ಬಿಯ ಮುಚ್ಚಳದ ಒಳಮೈಯಲ್ಲಿ ವೈರಿಂಗ್ ಚಿತ್ರ ಅಂಟಿಸಿರುತ್ತಾರೆ, ಅದರ ಫೋಟೊ ತೆಗೆದು ನನಗೆ ಕಳಿಸಿ. ಒಂದೇ ಡಬ್ಬಿ ಎಂದು ಕಂಡುಬಂದರೆ ಮೋಟರಿನ ದಾರಿಯಲ್ಲಿ ಬೇರೆ ಫೈರ್‌ಸ್ಟಾಟ್ ಹಾಕಿಸುವವರೆಗೆ ಕೈಸ್ವಿಚ್ ಬೇಡ.

ಸಾದಾ ಸ್ವಿಚ್ಚಿನ ಬದಲು ಸ್ಪ್ರಿಂಗ್ ಟೈಮರ್ ಹಾಕಿ ಎಂಬುದು ನನ್ನ ಸಲಹೆ. ಕೀಲಿ ಕೊಟ್ಟಂತೆ ತಿರುಗಿಸಿದರೆ ಒಂದೋ ಎರಡೋ ಗಂಟೆ ಓಡಿಸಿ ತಾನೇ ಆಫ್ ಆಗುವಂಥದ್ದು. ಆನ್ ಮಾಡಿ ಮಲಗಿದವರು ಬೆಳಿಗ್ಗೆ ಮರೆಯುತ್ತಾರೆ, ಫ್ಯಾನ್ ವಾರಗಟ್ಟಲೆ ಓಡಿ ಮೋಟರ್ ಸುಡುತ್ತದೆ, ಇಂಥದ್ದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಡಿಜಿಟಲ್ ಟೈಮರುಗಳಲ್ಲಿ ಹೆಚ್ಚಿನವಕ್ಕೆ ನ್ಯೂಟ್ರಲ್ ಬೇಕು, ನಿಮ್ಮ ಸ್ವಿಚ್ ಬಾಕ್ಸಿಗೆ ನ್ಯೂಟ್ರಲ್ ಬಂದಿಲ್ಲ. ಸ್ಪ್ರಿಂಗಿನದಕ್ಕೆ ಅದು ಬೇಡ. ಕೊಳ್ಳುವಾಗ ಮೋಟರಿಗೆ ಆಗುತ್ತದೆ ಎಂದು ಅದರ ಮೇಲೆ ಹಾರ್ಸ್‌ಪವರ್ ಅಂಕಿ ಬರೆದಿದೆಯೇ ನೋಡಿ. ದೀಪದ ಡಿಮ್ಮರ್ ಮಾತ್ರ ಈ ಮೋಟರಿಗೆ ಹಾಕಲೇಬೇಡಿ.

ಆಟೋ, ಆಫ್, ಕೈ ಎಂದು ಮೂರು ಸ್ಥಾನ ಬೇಕೆನ್ನುವವರಿಗೆ ನಡುವೆ ಆಫ್ ಇರುವ ಡಬಲ್ ಥ್ರೋ ಸ್ವಿಚ್ ಬರುತ್ತದೆ. ಕರೆಂಟು ಅದರ ಕಾಮನ್ ಸ್ಕ್ರೂಗೆ, ಒಂದು ಬದಿ ಥರ್ಮೋಸ್ಟಾಟಿಗೆ, ಇನ್ನೊಂದು ಬದಿ ಫ್ಯಾನಿಗೆ. ಅದಕ್ಕೆ ಮೂರು ತಂತಿಯ ಕೇಬಲ್ ಬೇಕಾಗುತ್ತದೆ. ನಮ್ಮೂರಲ್ಲಿ ಮೆಟ್ಟಿಲಿಗೆ ಹಾಕುವ ಟೂ ವೇ ಸ್ವಿಚ್ಚನ್ನೇ ಇಲ್ಲಿ ತ್ರೀ ವೇ ಎನ್ನುತ್ತಾರೆ. ಅದನ್ನು ತಂದರೂ ಆಟೋ ಮತ್ತು ಕೈ ಎರಡೂ ಸಿಗುತ್ತವೆ, ಆಫ್ ಇರುವುದಿಲ್ಲ.

ಇಷ್ಟೆಲ್ಲ ಬರೆದ ಮೇಲೂ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದಿದೆ. ಈ ಸ್ವಿಚ್ಚಿನಿಂದ ನಿಮ್ಮ ಅತ್ತೆಯವರ ಕೋಣೆ ತಂಪಾಗುತ್ತದೆಯೇ? ಆಟಿಕ್ ಫ್ಯಾನ್ ಕೋಣೆಯ ಗಾಳಿ ಎಳೆಯಲು ಇರುವುದಲ್ಲ. ಸೂರಿನಡಿಯ ಕಿಂಡಿಗಳಿಂದ ಹೊರಗಾಳಿ ಎಳೆದು ಅಟ್ಟದ ಬಿಸಿಯನ್ನು ಹೊರಗೆ ತಳ್ಳುವುದಷ್ಟೇ ಅದರ ಕೆಲಸ. ಕಿಟಕಿ ತೆರೆದು ರಾತ್ರಿಯ ತಂಗಾಳಿಯನ್ನು ಮನೆಯೊಳಗೆ ಹಾಯಿಸುವುದು ಹೋಲ್ ಹೌಸ್ ಫ್ಯಾನ್, ಅದು ಮಹಡಿಯ ಸೀಲಿಂಗಿನಲ್ಲೇ ಕೂತಿರುತ್ತದೆ. ಎರಡನ್ನೂ ಒಂದೇ ಎಂದು ತಿಳಿದು ಹಣ ಸುರಿದವರಿದ್ದಾರೆ.

ಹಾಗಾಗಿ ಹೊಸ ಕೇಬಲ್ ಕೊಳ್ಳುವ ಮೊದಲು ಒಂದು ಕಾಸು ಖರ್ಚಿಲ್ಲದ ಪರೀಕ್ಷೆ ಮಾಡಿ. ಬ್ರೇಕರ್ ಆಫ್ ಇದ್ದಾಗಲೇ ನೀವು ಹಾಕಿದ ತುಂಡನ್ನು ಬಿಚ್ಚಿ, ಬಾಕ್ಸನ್ನು ಮೊದಲಿನಂತೆ ಜೋಡಿಸಿ, ಮುಚ್ಚಿ, ಆಮೇಲೆ ಬ್ರೇಕರ್ ಆನ್ ಮಾಡಿ. ಮಾರನೆಯ ದಿನ ಬೆಳಿಗ್ಗೆ, ಬಿಸಿಲು ಏರುವ ಮುಂಚೆ ಅಟ್ಟಕ್ಕೆ ಹೋಗಿ ಥರ್ಮೋಸ್ಟಾಟಿನ ಡಯಲನ್ನು 85ಕ್ಕೆ ಇಳಿಸಿ. ಆ ರಾತ್ರಿ ಫ್ಯಾನ್ ಹನ್ನೊಂದಾದರೂ ಓಡುತ್ತಲೇ ಇರುತ್ತದೆ, ಅಂದರೆ ನೀವು ಕೇಳುತ್ತಿರುವ ಸ್ವಿಚ್ ಆನ್ ಮಾಡಿದ ಹಾಗೆಯೇ. ಕೋಣೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟು ಎರಡು ರಾತ್ರಿಯ ಅಂಕಿ ಬರೆದುಕೊಳ್ಳಿ, ಡಯಲನ್ನು 105ಕ್ಕೆ ಮರಳಿಸಿ ಇನ್ನೆರಡು ರಾತ್ರಿ ಬರೆದುಕೊಳ್ಳಿ. ಏಸಿ ನಾಲ್ಕೂ ದಿನ ಒಂದೇ ಅಂಕಿಯಲ್ಲಿರಲಿ. ಎರಡು ಡಿಗ್ರಿಯ ವ್ಯತ್ಯಾಸವೂ ಕಾಣದಿದ್ದರೆ ಸ್ವಿಚ್ ಬಿಟ್ಟುಬಿಡಿ. ಅಟ್ಟದಲ್ಲಿ ನಡೆಯುವಾಗ ಕಾಲು ಮರದ ತೊಲೆಯ ಮೇಲಷ್ಟೇ ಇರಲಿ, ನಡುವಿನ ಜಿಪ್ಸಮ್ ಹಲಗೆ ಮನುಷ್ಯರ ಭಾರ ತಡೆಯುವುದಿಲ್ಲ.

ಫ್ಯಾನ್ ಓಡುತ್ತಿರುವಾಗಲೇ ಇನ್ನೊಂದು ನೋಡಿ. ಅಟ್ಟ ಹತ್ತುವ ಬಾಗಿಲಿನ ಸಂದಿಗೆ ಒಂದು ಟಿಶ್ಯೂ ಹಾಳೆ ಹಿಡಿಯಿರಿ. ಹಾಳೆ ಮೇಲಕ್ಕೆ ಎಳೆದುಕೊಂಡರೆ ಫ್ಯಾನ್ ನಿಮ್ಮ ಏಸಿಯ ತಂಪನ್ನು ಕದ್ದು ಛಾವಣಿಯಾಚೆ ಎಸೆಯುತ್ತಿದೆ ಎಂದರ್ಥ. ಸೂರಿನಡಿಯ ಕಿಂಡಿಗಳ ಮೇಲೆ ಇನ್ಸುಲೇಷನ್ ಬಿದ್ದು ಮುಚ್ಚಿದ್ದರೆ ಹೀಗಾಗುತ್ತದೆ. ಫ್ಯಾನಿನ ಪ್ರತಿ 300 ಸಿಎಫ್‌ಎಂಗೆ (ನಿಮಿಷಕ್ಕೆ ಎಳೆಯುವ ಗಾಳಿ, ಘನ ಅಡಿಗಳಲ್ಲಿ) ಒಂದು ಚದರ ಅಡಿ ತೆರೆದ ಕಿಂಡಿ ಬೇಕೆಂಬುದು ಲೆಕ್ಕ, 1,600ರ ಫ್ಯಾನಿಗೆ ಐದು ಚದರ ಅಡಿಗೂ ಹೆಚ್ಚು. ಮನೆಯೊಳಗೆ ಗ್ಯಾಸಿನ ವಾಟರ್ ಹೀಟರ್ ಇದ್ದರೆ ಈ ಎಳೆತಕ್ಕೆ ಅದರ ಹೊಗೆ ಕೊಳವೆಯಲ್ಲಿ ಮೇಲೆ ಹೋಗದೆ ಮನೆಯೊಳಗೇ ತಿರುಗಬಹುದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಹಿರಿಯರು ಮಲಗುವ ಮನೆ, ಅಲಾರಂ ಇಲ್ಲದಿದ್ದರೆ ಇವತ್ತೇ ತನ್ನಿ.

ನಿಮ್ಮ ಕಡೆಯ ಮನೆಗಳಲ್ಲಿ ಏಸಿ ಡಕ್ಟುಗಳು ಆ ಕಾದ ಅಟ್ಟದಲ್ಲೇ ಹಾದುಹೋಗುತ್ತವೆ. ಅತ್ತೆಯವರ ಕೋಣೆಗೆ ಹೋಗುವ ಡಕ್ಟಿನ ಕೀಲುಗಳ ಬಳಿ ಕೈ ಹಿಡಿದು ನೋಡಿ. ತಣ್ಣನೆ ಗಾಳಿ ಸೋರುತ್ತಿದ್ದರೆ ಮ್ಯಾಸ್ಟಿಕ್ ಎಂಬ ಡಕ್ಟಿನ ಅಂಟು ಬಳಿದು ಮುಚ್ಚಿ. ನನ್ನ ಅನುಭವದಲ್ಲಿ ಮಹಡಿ ಕೋಣೆಯ ಸೆಕೆಗೆ ಫ್ಯಾನಿಗಿಂತ ಹೆಚ್ಚು ಸಲ ಕಾರಣವಾಗಿರುವುದು ಇದು. ಇಷ್ಟೆಲ್ಲ ಆದ ಮೇಲೂ ಸ್ವಿಚ್ ಬೇಕೆನಿಸಿದರೆ, ಮೊದಲು ನಿಮ್ಮ ಊರಿನ ಸಿಟಿ ಕಚೇರಿಯಲ್ಲಿ ಪರ್ಮಿಟ್ ಬೇಕೇ ಎಂದು ಕೇಳಿಕೊಳ್ಳಿ.

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮ ಟೆರೇಸಿನ ಮೇಲೆ ತಗಡಿನ ಶೀಟ್ ಹೊದಿಸಿದ ರೂಮಿದೆ. ಎಕ್ಸಾಸ್ಟ್ ಫ್ಯಾನಿಗೆ ಡಿಜಿಟಲ್ ಟೆಂಪರೇಚರ್ ಕಂಟ್ರೋಲರ್ ಹಾಕಿಸಿದ್ದೇವೆ. ಮಗ ಓದುವಾಗ ಬೇಕೆಂದರೆ ಕೈಯಿಂದ ಹಾಕಲು ಆಗುವುದಿಲ್ಲ. ಏನು ಮಾಡಬೇಕು ಅಕ್ಕ?

ಉತ್ತರ: ಮೇಲಿನ ಪಕ್ಕದ ಕಾಲುವೆಯ ಲೆಕ್ಕವೇ ನಿಮಗೂ. ಡಿಜಿಟಲ್ ಕಂಟ್ರೋಲರಿನಲ್ಲಿ ಅದರ ಸ್ವಂತ ಊಟಕ್ಕೆ ಫೇಸ್, ನ್ಯೂಟ್ರಲ್ ಎಂದು ಎರಡು ಪಾಯಿಂಟ್ ಇರುತ್ತವೆ, ಫ್ಯಾನನ್ನು ತೆರೆದು ಮುಚ್ಚುವ ರಿಲೇಗೆ ಬೇರೆ ಎರಡು. ನಿಮ್ಮ ಸ್ವಿಚ್ ಸೇರಬೇಕಾದದ್ದು ರಿಲೇಯ ಆ ಎರಡು ಪಾಯಿಂಟುಗಳ ಆಚೀಚೆ. ತಪ್ಪಿ ಊಟದ ಪಾಯಿಂಟುಗಳ ನಡುವೆ ಹಾಕಿದರೆ ನೇರ ಶಾರ್ಟ್. ನಿಮ್ಮಲ್ಲಿ 230 ವೋಲ್ಟ್, ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಾಗಾಗಿ ಮೇಲಿನ ಉತ್ತರದ ಬಣ್ಣಗಳನ್ನು ಮರೆತುಬಿಡಿ. ಸಂಪರ್ಕ ಕೊಡುವ ಕೆಲಸ ವೈರ್‌ಮನ್ ಕೈಯಲ್ಲೇ ಆಗಲಿ. ರೂಮಿನ ತಗಡಿಗೆ ಅರ್ತ್ ಕೊಟ್ಟಿದ್ದಾರೆಯೇ, ಆ ಲೈನಿಗೆ 30 ಮಿಲಿ ಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದೆಯೇ ಎಂದು ಅವರನ್ನು ಕೇಳಿ. ಮಳೆಯಲ್ಲಿ ನೆನೆದ ತಗಡಿಗೆ ಒಂದು ವೈರ್ ತಾಗಿದರೆ ಇಡೀ ರೂಮೇ ಶಾಕ್ ಹೊಡೆಯುತ್ತದೆ, ಒಳಗೆ ಕೂತಿರುವುದು ಮಗು. ಫ್ಯಾನಿನ ಎದುರು ಗೋಡೆಯಲ್ಲಿ ಕೆಳಮಟ್ಟದಲ್ಲಿ ಗಾಳಿ ಬರಲು ಕಿಂಡಿ ಇರಲಿ.

ಪ್ರಶ್ನೆ: ನ್ಯೂಜೆರ್ಸಿಯ ನಮ್ಮ ಮನೆಯ ಅಟ್ಟದಲ್ಲಿ ಚಳಿಗಾಲದಲ್ಲಿ ಮೊಳೆಗಳ ತುದಿಯಿಂದ ನೀರು ತೊಟ್ಟಿಕ್ಕುತ್ತದೆ. ಆಟಿಕ್ ಫ್ಯಾನನ್ನು ಕೈಸ್ವಿಚ್ಚಿನಿಂದ ಓಡಿಸಿದರೆ ಒಣಗುವುದೇ?

ಉತ್ತರ: ಓಡಿಸಬೇಡಿ. ಆ ನೀರು ಮನೆಯೊಳಗಿನ ಬೆಚ್ಚಗಿನ ತೇವದ ಗಾಳಿ ಮೇಲೇರಿ ತಣ್ಣನೆ ಮೊಳೆಗೆ ತಾಗಿ ಆದದ್ದು. ಫ್ಯಾನ್ ಓಡಿಸಿದರೆ ಅಂಥ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ಎಳೆಯುವ ಸಂಭವವೇ ಹೆಚ್ಚು. ಬೆಳಕು ಹಿಡಿದು ಬಾತ್‌ರೂಮಿನ ಎಕ್ಸಾಸ್ಟ್ ಡಕ್ಟ್ ಎಲ್ಲಿ ಹೋಗಿ ಮುಗಿಯುತ್ತದೆ ನೋಡಿ. ಛಾವಣಿಯ ಹೊರಗೆ ಹೋಗುವ ಬದಲು ಅಟ್ಟದಲ್ಲೇ ಬಾಯಿ ಬಿಟ್ಟು ಮಲಗಿದ್ದರೆ, ದಿನವೂ ನಾಲ್ಕು ಜನರ ಸ್ನಾನದ ಹಬೆ ಅಲ್ಲೇ ಉಳಿಯುತ್ತಿದೆ. ಮೊದಲು ಅದನ್ನು ಹೊರಗೆ ಹಾಕಿಸಿ, ಆಮೇಲೆ ಸೀಲಿಂಗಿನಲ್ಲಿ ದೀಪಗಳ ಸುತ್ತಲಿನ ಸಂದಿಗಳನ್ನು ಮುಚ್ಚಿಸಿ.